ಕೊರಳಿನ ಚಿಟ್ಟೆ, ಚಿಟಿಕೆ ಉಪ್ಪು

ಉಪ್ಪಿನ ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದುವವರು ಕಡಿಮೆ. ಬೆಲೆ ನೋಡುತ್ತಾರೆ, ಹೆಚ್ಚೆಂದರೆ ತೂಕ ನೋಡುತ್ತಾರೆ, ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಆ ಪೊಟ್ಟಣದ ಮೇಲೆ ‘ಅಯೋಡಿನ್‌ಯುಕ್ತ’ ಎಂಬ ಒಂದು ಪದ ಇರುತ್ತದೆ. ಭಾರತದಲ್ಲಿ ನೇರವಾಗಿ ಊಟಕ್ಕೆ ಬಳಸುವ ಉಪ್ಪನ್ನು ಅಯೋಡಿನ್ ಬೆರೆಸದೆ ಮಾರುವಂತಿಲ್ಲ ಎಂಬ ಕಾನೂನೇ ಇದೆ. ಸಮುದ್ರ ಕೊಟ್ಟ ಉಪ್ಪಿಗೆ ಮನುಷ್ಯ ಇನ್ನೊಂದು ವಸ್ತುವನ್ನು ಸೇರಿಸಬೇಕೆಂದು ಸರ್ಕಾರ ಹಟ ಹಿಡಿದದ್ದಾದರೂ ಏಕೆ?

ಹಾಗೆ ನೋಡಿದರೆ ಅಯೋಡಿನ್ ಬೇಕಾಗಿರುವುದು ಅತ್ಯಲ್ಪ. ವಯಸ್ಕರೊಬ್ಬರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಒಂದು ಗ್ರಾಂ ಅಯೋಡಿನನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 150 ಪಾಲು ಮಾತ್ರ. 70 ವರ್ಷ ಬದುಕುವ ವ್ಯಕ್ತಿಗೆ ಜೀವಮಾನವಿಡೀ ಬೇಕಾಗುವ ಅಯೋಡಿನನ್ನೆಲ್ಲ ಒಟ್ಟುಗೂಡಿಸಿದರೂ ನಾಲ್ಕು ಗ್ರಾಂ ಆಗುವುದಿಲ್ಲ. ಒಂದು ಟೀ ಚಮಚವೂ ತುಂಬದು. ಆದರೆ ಆ ಚಮಚವನ್ನು ಒಂದೇ ದಿನ ತಿಂದು ಮುಗಿಸುವಂತಿಲ್ಲ. ಅದು ದಿನದಿನವೂ ಚೂರುಚೂರೇ ದೇಹಕ್ಕೆ ಸೇರುತ್ತಿರಬೇಕು. ಸೇರದಿದ್ದರೆ ಕೊರಳು ಊದುತ್ತದೆ. ಇನ್ನೂ ಹುಟ್ಟದ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಈ ಕಥೆ ಅರ್ಥವಾಗಬೇಕಾದರೆ ದೇಹದೊಳಗಿನ ಅಂಚೆ ವ್ಯವಸ್ಥೆಯೊಂದನ್ನು ಮೊದಲು ಪರಿಚಯ ಮಾಡಿಕೊಳ್ಳಬೇಕು.

ತಂತಿಯಿಲ್ಲದ ಸುದ್ದಿ

ದೇಹದ ಒಂದು ಭಾಗ ಇನ್ನೊಂದು ಭಾಗಕ್ಕೆ ಸುದ್ದಿ ಮುಟ್ಟಿಸಲು ಎರಡು ದಾರಿಗಳಿವೆ. ಮೊದಲನೆಯದು ನರಗಳ ದಾರಿ. ಇದು ಟೆಲಿಫೋನ್ ತಂತಿಯ ಹಾಗೆ. ಕಾಲಿಗೆ ಮುಳ್ಳು ಚುಚ್ಚಿದ ಕ್ಷಣದಲ್ಲೇ ಮಿದುಳಿಗೆ ಸುದ್ದಿ ಹೋಗುತ್ತದೆ. ಎರಡನೆಯದು ರಕ್ತದ ದಾರಿ. ಕೆಲವು ಗ್ರಂಥಿಗಳು ತಾವು ತಯಾರಿಸಿದ ರಾಸಾಯನಿಕಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ರಕ್ತ ಅದನ್ನು ಊರೆಲ್ಲ ಸುತ್ತಿಸುತ್ತದೆ. ಯಾವ ಜೀವಕೋಶದ ಬಳಿ ಆ ರಾಸಾಯನಿಕವನ್ನು ಗುರುತಿಸುವ ಗ್ರಾಹಕ ಇದೆಯೋ ಅದು ಮಾತ್ರ ಸುದ್ದಿಯನ್ನು ಓದಿಕೊಳ್ಳುತ್ತದೆ, ಉಳಿದವು ಸುಮ್ಮನಿರುತ್ತವೆ.

ಜೊಲ್ಲು, ಬೆವರು, ಕಣ್ಣೀರು ಸುರಿಸುವ ಗ್ರಂಥಿಗಳಿಗೆ ನಾಳಗಳಿವೆ. ಈ ಗ್ರಂಥಿಗಳಿಗೆ ನಾಳ ಇಲ್ಲ. ಅದಕ್ಕೇ ಇವು ‘ನಿರ್ನಾಳ ಗ್ರಂಥಿಗಳು’. ಮಿದುಳಿನ ಬುಡದಲ್ಲಿ ಕಾಳಿನಷ್ಟೇ ಇರುವ ಪಿಟ್ಯುಟರಿ, ಕೊರಳಿನ ಥೈರಾಯ್ಡ್, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್, ಇನ್ಸುಲಿನ್ ಸ್ರವಿಸುವ ಮೇದೋಜೀರಕಾಂಗದ ಭಾಗ, ಅಂಡಾಶಯ, ವೃಷಣ ಇವೆಲ್ಲ ಈ ಬಳಗಕ್ಕೆ ಸೇರಿವೆ. ಅವು ಸ್ರವಿಸುವ ರಾಸಾಯನಿಕವೇ ಹಾರ್ಮೋನು. ಕನ್ನಡದಲ್ಲಿ ಇದನ್ನು ‘ರಸದೂತ’ ಎಂದು ಕರೆದವರೂ ಇದ್ದಾರೆ. ಅದು ಮಾಡುವ ಕೆಲಸಕ್ಕೆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ರಕ್ತದಲ್ಲಿ ಸುದ್ದಿ ಹೋಗುತ್ತದೆ ಎಂಬುದಕ್ಕೆ ಮೊದಲ ಸಾಕ್ಷ್ಯ ಒದಗಿಸಿದ್ದು ಹುಂಜಗಳು. 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಆರ್ನಾಲ್ಡ್ ಬೆರ್ಥೋಲ್ಡ್ ಎಂಬ ವಿಜ್ಞಾನಿ ಕೆಲವು ಎಳೆಯ ಹುಂಜಗಳ ವೃಷಣಗಳನ್ನು ತೆಗೆದುಬಿಟ್ಟರು. ಅವುಗಳ ಜುಟ್ಟು ಬೆಳೆಯಲಿಲ್ಲ, ಕೂಗಲಿಲ್ಲ, ಕಾಳಗಕ್ಕೂ ಇಳಿಯಲಿಲ್ಲ. ಇನ್ನು ಕೆಲವಕ್ಕೆ ತೆಗೆದ ವೃಷಣವನ್ನೇ ಹೊಟ್ಟೆಯೊಳಗೆ ಬೇರೊಂದು ಕಡೆ ಕಸಿ ಮಾಡಿದರು. ಮೊದಲಿನ ನರಗಳ ಸಂಬಂಧ ಕಡಿದುಹೋಗಿದ್ದರೂ ಆ ಹುಂಜಗಳು ಎಂದಿನಂತೆ ಕೂಗಿದವು, ಜಗಳವಾಡಿದವು. ಸುದ್ದಿ ನರದಲ್ಲಿ ಅಲ್ಲ, ರಕ್ತದಲ್ಲಿ ಹೋಗಿತ್ತು.

ಇದಾಗಿ ಅರ್ಧ ಶತಮಾನದ ನಂತರ, 1902ರಲ್ಲಿ ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಕರುಳಿನಿಂದ ಮೇದೋಜೀರಕಾಂಗಕ್ಕೆ ಹೋಗುವ ಇಂಥದೇ ರಾಸಾಯನಿಕವೊಂದನ್ನು ಪತ್ತೆ ಮಾಡಿ ‘ಸೆಕ್ರಿಟಿನ್’ ಎಂದು ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆಲ್ಲ ಸೇರಿ ‘ಹಾರ್ಮೋನ್’ ಎಂಬ ಪದ ಬಳಸಿದರು. ಗ್ರೀಕ್ ಭಾಷೆಯಲ್ಲಿ ‘ಪ್ರಚೋದಿಸು’ ಎಂಬುದು ಅದರ ಮೂಲಾರ್ಥ.

ದೇಹದ ಒಲೆಯ ಉರಿ

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಥೈರಾಯ್ಡ್ ಗ್ರಂಥಿ ಇದೆ. ತೂಕ ಸುಮಾರು 20 ಗ್ರಾಂ. ಆರೋಗ್ಯವಾಗಿದ್ದಾಗ ಅದು ಅಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ರಕ್ತದಲ್ಲಿ ತೇಲಿಬರುವ ಅಯೋಡಿನನ್ನು ಹೆಕ್ಕಿ ಹಿಡಿದಿಟ್ಟುಕೊಳ್ಳುವುದು ಇದರ ವಿಶೇಷ ಗುಣ. ದೇಹದಲ್ಲಿರುವ ಒಟ್ಟು ಅಯೋಡಿನ್‌ನಲ್ಲಿ ಬಹುಪಾಲು ಈ ಪುಟ್ಟ ಗ್ರಂಥಿಯಲ್ಲೇ ಇರುತ್ತದೆ.

ಹೀಗೆ ಕೂಡಿಟ್ಟ ಅಯೋಡಿನ್‌ನಿಂದ ಅದು ಎರಡು ಹಾರ್ಮೋನುಗಳನ್ನು ಕಟ್ಟುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳಿರುವುದು ಥೈರಾಕ್ಸಿನ್ ಅಥವಾ ಟಿ4. ಮೂರು ಪರಮಾಣುಗಳಿರುವುದು ಟಿ3. ಗ್ರಂಥಿಯಿಂದ ಹೊರಬೀಳುವುದರಲ್ಲಿ ಹೆಚ್ಚಿನದು ಟಿ4. ಅಂಗಾಂಗಗಳು ಅದರಿಂದ ಒಂದು ಅಯೋಡಿನ್ ಕಳಚಿ, ಹೆಚ್ಚು ಚುರುಕಾದ ಟಿ3 ಮಾಡಿಕೊಳ್ಳುತ್ತವೆ. ಈ ಹಾರ್ಮೋನು ಜೀವಕೋಶದ ಒಳಕ್ಕೆ ಹೋಗಿ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತದೆ. ತಿಂದ ಅನ್ನ ಎಷ್ಟು ವೇಗವಾಗಿ ಶಕ್ತಿಯಾಗಬೇಕು, ಹೃದಯ ಎಷ್ಟು ಬಾರಿ ಬಡಿಯಬೇಕು, ಮೈ ಎಷ್ಟು ಬಿಸಿಯಿರಬೇಕು ಎಂಬುದೆಲ್ಲ ಇದರ ಮೇಲೆ ನಿಂತಿದೆ. ಒಲೆಯ ಉರಿಯನ್ನು ಹಿಗ್ಗಿಸುವ, ತಗ್ಗಿಸುವ ಕೈ ಎಂದು ಇದನ್ನು ಕರೆಯಬಹುದು.

ಬೆಳವಣಿಗೆಯಲ್ಲಿ ಇದರ ಪಾತ್ರ ಎಷ್ಟು ದೊಡ್ಡದು ಎಂಬುದು 1912ರಲ್ಲಿ ಕಪ್ಪೆಯ ಗೊದಮೊಟ್ಟೆಗಳಿಂದ ತಿಳಿಯಿತು. ಫ್ರೆಡರಿಕ್ ಗುಡರ್‌ನಾಷ್ ಎಂಬ ವಿಜ್ಞಾನಿ ಅವುಗಳಿಗೆ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದರು. ಗೊದಮೊಟ್ಟೆಗಳು ಅವಧಿಗೆ ಮುನ್ನವೇ ಬಾಲ ಕಳೆದುಕೊಂಡು, ಕಾಲು ಮೂಡಿಸಿಕೊಂಡು, ಪುಟಾಣಿ ಕಪ್ಪೆಗಳಾಗಿಬಿಟ್ಟವು.

ಉರಿ ಹೆಚ್ಚು ಕಡಿಮೆಯಾಗದಂತೆ ಕಾಯುವವರು ಯಾರು? ಪಿಟ್ಯುಟರಿ. ಇಸ್ತ್ರಿಪೆಟ್ಟಿಗೆ ಕಾದೊಡನೆ ತಾನೇ ವಿದ್ಯುತ್ ಕಡಿದುಕೊಂಡು, ತಣಿದೊಡನೆ ಮತ್ತೆ ಹಚ್ಚಿಕೊಳ್ಳುವ ರೀತಿಯಲ್ಲೇ ಇದರ ಕೆಲಸ. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದರೆ ಪಿಟ್ಯುಟರಿ ‘ಟಿಎಸ್‌ಎಚ್’ ಎಂಬ ಹಾರ್ಮೋನನ್ನು ಹೆಚ್ಚು ಬಿಟ್ಟು ಥೈರಾಯ್ಡನ್ನು ಎಚ್ಚರಿಸುತ್ತದೆ. ಥೈರಾಕ್ಸಿನ್ ಸಾಕಷ್ಟಾದರೆ ಟಿಎಸ್‌ಎಚ್ ಇಳಿಯುತ್ತದೆ. ಪಿಟ್ಯುಟರಿಯ ಮೇಲೂ ಹೈಪೊಥಲಮಸ್ ಎಂಬ ಮಿದುಳಿನ ಭಾಗದ ಯಜಮಾನಿಕೆ ಇದೆ. ಇಂದು ವೈದ್ಯರು ‘ಟಿಎಸ್‌ಎಚ್ ಮಾಡಿಸಿಕೊಂಡು ಬನ್ನಿ’ ಎನ್ನುವುದರ ಹಿನ್ನೆಲೆ ಇದೇ. ಪಿಟ್ಯುಟರಿ ಎಷ್ಟು ಜೋರಾಗಿ ಕೂಗುತ್ತಿದೆ ಎಂಬುದನ್ನು ಅಳೆದರೆ ಥೈರಾಯ್ಡ್ ಎಷ್ಟು ದುಡಿಯುತ್ತಿದೆ ಎಂಬುದು ತಿಳಿಯುತ್ತದೆ.

ಕೊರಳು ಊದುವುದು ಏಕೆ?

ಈಗ ಆಹಾರದಲ್ಲಿ ಅಯೋಡಿನ್ ಇಲ್ಲವೆಂದುಕೊಳ್ಳಿ. ಥೈರಾಕ್ಸಿನ್ ತಯಾರಾಗುವುದಿಲ್ಲ. ಪಿಟ್ಯುಟರಿ ಕೂಗುತ್ತಲೇ ಇರುತ್ತದೆ. ಕಚ್ಚಾ ಸಾಮಗ್ರಿ ಇಲ್ಲದ ಕಾರ್ಖಾನೆಗೆ ಮತ್ತಷ್ಟು ಯಂತ್ರಗಳನ್ನು ಹಾಕಿದಂತೆ, ಥೈರಾಯ್ಡ್ ತನ್ನ ಜೀವಕೋಶಗಳನ್ನು ಹೆಚ್ಚಿಸಿಕೊಂಡು ಬೆಳೆಯತೊಡಗುತ್ತದೆ. ಸಿಕ್ಕ ಅಯೋಡಿನ್‌ನ ಒಂದು ಕಣವನ್ನೂ ಬಿಡಬಾರದೆಂಬ ಹರಸಾಹಸ ಅದು. ಹೊರಗಿನಿಂದ ನೋಡುವವರಿಗೆ ಕಾಣುವುದು ಊದಿದ ಕೊರಳು. ಇದೇ ಗಳಗಂಡ. ಸುಶ್ರುತ ಸಂಹಿತೆಯಲ್ಲಿಯೇ ಈ ರೋಗದ ವಿವರಣೆ ಇದೆ.

ಗಳಗಂಡ ಬೆಟ್ಟದ ಸೀಮೆಗಳ ರೋಗ ಎಂಬುದು ಹಳೆಯ ಅನುಭವ. ಆಲ್ಪ್ಸ್, ಆಂಡಿಸ್, ಹಿಮಾಲಯ ಎಲ್ಲ ಕಡೆಯೂ ಇದೇ ಮಾತು. ಕಾರಣ ಮಣ್ಣಿನಲ್ಲಿದೆ. ಹಿಮನದಿಗಳು ಮತ್ತು ಮಳೆ ಸಾವಿರಾರು ವರ್ಷ ಮೇಲ್ಮಣ್ಣನ್ನು ತೊಳೆದಾಗ ಅಯೋಡಿನ್ ಕರಗಿ ಹರಿದು ಸಮುದ್ರ ಸೇರುತ್ತದೆ. ಆ ಮಣ್ಣಿನ ಬೆಳೆಯಲ್ಲಿ ಅಯೋಡಿನ್ ಇಲ್ಲ, ಆ ಮೇವು ತಿಂದ ಹಸುವಿನ ಹಾಲಿನಲ್ಲಿಯೂ ಕಡಿಮೆ. ಪದೇ ಪದೇ ನೆರೆ ಬರುವ ನದೀ ಬಯಲುಗಳಿಗೂ ಇದೇ ಗತಿ. ಕರ್ನಾಟಕವೂ ಹೊರತಲ್ಲ. ಮಳೆ ಸುರಿಯುವ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಗಳಗಂಡ ಕಂಡುಬಂದಿದೆ.

ಸಮುದ್ರಕ್ಕೆ ಸೇರಿದ ಅಯೋಡಿನ್ ಉಪ್ಪಿನ ಜೊತೆ ಮರಳಿ ಬರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಬರುವುದಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದ ಗದ್ದೆಗಳಲ್ಲಾಗಲಿ ಗುಜರಾತಿನ ಬಯಲುಗಳಲ್ಲಾಗಲಿ ಬಿಸಿಲಿಗೆ ಒಣಗಿಸಿ ತೆಗೆದ ಉಪ್ಪಿನಲ್ಲಿ ಸ್ವಾಭಾವಿಕವಾಗಿ ಉಳಿಯುವ ಅಯೋಡಿನ್ ತೀರಾ ಕಡಿಮೆ. ಮೀನು ಮತ್ತು ಕಡಲಕಳೆಗಳಲ್ಲಿ ಮಾತ್ರ ಅದು ಚೆನ್ನಾಗಿ ಸಿಗುತ್ತದೆ.

ಕಡಲಕಳೆಯ ಬೂದಿಯಲ್ಲೇ ಅಯೋಡಿನ್ ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದು. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ನೆಪೋಲಿಯನ್ನನ ಯುದ್ಧಗಳಿಗೆ ಬೇಕಾದ ಸಿಡಿಮದ್ದಿಗಾಗಿ ಪೆಟ್ಲುಪ್ಪು ತಯಾರಿಸುತ್ತಿದ್ದರು. ಬೂದಿಯ ದ್ರಾವಣಕ್ಕೆ ಆಮ್ಲ ಹೆಚ್ಚಾದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಅದೇ ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಜೀನ್ ಫ್ರಾಂಸ್ವಾ ಕ್ವಾಂಡೆ ಒಂದು ತರ್ಕ ಮಾಡಿದರು. ಗಳಗಂಡಕ್ಕೆ ಸುಟ್ಟ ಕಡಲ ಸ್ಪಂಜಿನ ಬೂದಿ ಹಳೆಯ ಮದ್ದು. ಹಾಗಾದರೆ ಗುಣ ಇರುವುದು ಅದರಲ್ಲಿನ ಅಯೋಡಿನ್‌ನಲ್ಲೇ ಇರಬೇಕು ಎಂದು ರೋಗಿಗಳಿಗೆ ಅದನ್ನೇ ಕೊಟ್ಟರು. ಕೊರಳುಗಳು ಇಳಿದವು. ಆದರೆ ಪ್ರಮಾಣದ ಅಂದಾಜು ಇಲ್ಲದೆ ವಿಪರೀತ ಕೊಟ್ಟದ್ದರಿಂದ ಕೆಲವರಿಗೆ ತೊಂದರೆಯಾಗಿ, ಮದ್ದಿಗೇ ಕೆಟ್ಟ ಹೆಸರು ಬಂತು. ಅಯೋಡಿನ್ ಥೈರಾಯ್ಡಿನ ಅವಿಭಾಜ್ಯ ಅಂಶವೆಂದು ಜರ್ಮನಿಯ ಯೂಜೀನ್ ಬೌಮನ್ ತೋರಿಸಿಕೊಟ್ಟದ್ದು ಆ ಶತಮಾನದ ಕೊನೆಯಲ್ಲಿ.

ಗ್ರಂಥಿಯ ಮಹತ್ವವನ್ನು ಕಲಿಸಿದ್ದು ಒಂದು ದುರಂತ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೊಡೋರ್ ಕೋಕರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ನಿಪುಣರು. ಆದರೆ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರನ್ನು ಮತ್ತೆ ಕರೆಸಿ ನೋಡಿದಾಗ ಅವರಲ್ಲಿ ಬಹುಮಂದಿ ಮುಖ ಊದಿಕೊಂಡು, ಮಾತು ನಿಧಾನವಾಗಿ, ಬುದ್ಧಿ ಮಂಕಾಗಿ ಹೋಗಿದ್ದರು. 1883ರಲ್ಲಿ ಅವರು ಇದನ್ನು ಬಹಿರಂಗವಾಗಿ ವರದಿ ಮಾಡಿದರು, ಪೂರ್ತಿ ಗ್ರಂಥಿ ತೆಗೆಯುವುದನ್ನು ಕೈಬಿಟ್ಟರು. ಥೈರಾಯ್ಡ್ ಕುರಿತ ಕೆಲಸಕ್ಕೆ 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈ ನಡುವೆ 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಇಂಥದೇ ಲಕ್ಷಣಗಳಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟರು. ಚೇತರಿಸಿಕೊಂಡ ಆಕೆ ಮತ್ತೆ 28 ವರ್ಷ ಬದುಕಿದರು. ಕಳೆದುಹೋದ ಹಾರ್ಮೋನನ್ನು ಹೊರಗಿನಿಂದ ತುಂಬಿಕೊಡಬಹುದು ಎಂಬುದಕ್ಕೆ ಅದು ಮೊದಲ ದಾರಿ. ಅಮೆರಿಕದ ಎಡ್ವರ್ಡ್ ಕೆಂಡಲ್ 1914ರ ಕ್ರಿಸ್‌ಮಸ್ ದಿನ ಥೈರಾಕ್ಸಿನ್ನಿನ ಹರಳುಗಳನ್ನು ಬೇರ್ಪಡಿಸಿದರು. 1927ರಲ್ಲಿ ಅದು ಪ್ರಯೋಗಾಲಯದಲ್ಲೇ ತಯಾರಾಯಿತು.

ಆಕ್ರನ್‌ನಿಂದ ಕಾಂಗ್ರಾಕ್ಕೆ

ರೋಗ ಬಂದವರಿಗೆ ಮದ್ದು ಕೊಡುವುದು ಒಂದು. ಬಾರದಂತೆ ತಡೆಯುವುದು ಇನ್ನೊಂದು. 1917ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಡೇವಿಡ್ ಮರೀನ್ ಮತ್ತು ಸಂಗಡಿಗರು ಶಾಲಾ ಬಾಲಕಿಯರಿಗೆ ವರ್ಷಕ್ಕೆ ಎರಡು ಬಾರಿ ಅಯೋಡಿನ್ ಲವಣ ಕೊಡತೊಡಗಿದರು. ಅದನ್ನು ಸೇವಿಸಿದ 2,190 ಬಾಲಕಿಯರಲ್ಲಿ ಕೊರಳು ಊದಿದ್ದು ಐವರಿಗೆ. ಸೇವಿಸದ 2,305 ಮಂದಿಯಲ್ಲಿ 495 ಮಂದಿಗೆ. ಇಷ್ಟು ಸ್ಪಷ್ಟವಾದ ಉತ್ತರ ವೈದ್ಯಶಾಸ್ತ್ರದಲ್ಲಿ ಅಪರೂಪ.

ಆದರೆ ಊರಿನ ಎಲ್ಲರಿಗೂ ಮಾತ್ರೆ ನುಂಗಿಸುವುದು ಹೇಗೆ? ಬಡವ ಬಲ್ಲಿದ ಎನ್ನದೆ ಎಲ್ಲರೂ ದಿನವೂ ತಿನ್ನುವ, ಹೆಚ್ಚು ತಿನ್ನಲಾಗದ ವಸ್ತು ಯಾವುದು? ಉಪ್ಪು. 1922ರಲ್ಲಿ ಸ್ವಿಟ್ಜರ್ಲೆಂಡ್, 1924ರಲ್ಲಿ ಅಮೆರಿಕದ ಮಿಷಿಗನ್ ಈ ದಾರಿ ಹಿಡಿದವು.

ಭಾರತದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದವರು ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು. ಇಂದಿನ ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಕೆಲಸ ಆರಂಭವಾಯಿತು. ಅಲ್ಲಿನ ಶಾಲಾಮಕ್ಕಳಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಮಂದಿಗೆ ಗಳಗಂಡವಿತ್ತು. ಕಣಿವೆಯನ್ನು ಮೂರು ವಲಯ ಮಾಡಿ, ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು, ಮತ್ತೊಂದಕ್ಕೆ ಸಾದಾ ಉಪ್ಪು ಒದಗಿಸಲಾಯಿತು. ಐದಾರು ವರ್ಷಗಳಲ್ಲಿ ಮೊದಲೆರಡು ವಲಯಗಳಲ್ಲಿ ಗಳಗಂಡ ಗಮನಾರ್ಹವಾಗಿ ಇಳಿಯಿತು. ಸಾದಾ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. 1962ರಲ್ಲಿ ಆ ವಲಯಕ್ಕೂ ಅಯೋಡಿನ್ ಉಪ್ಪು ಹೋಯಿತು. ಅದೇ ವರ್ಷ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ನಮ್ಮ ತೇವದ ಹವೆಯಲ್ಲಿ ಅಯೋಡೈಡ್‌ಗಿಂತ ಅಯೋಡೇಟ್ ಹೆಚ್ಚು ಕಾಲ ಉಳಿಯುವುದರಿಂದ ದೇಶದಲ್ಲಿ ಬಳಕೆಗೆ ಬಂದದ್ದು ಅದೇ.

ಕಾಣದ ನಷ್ಟ

ಊದಿದ ಕೊರಳು ಕಣ್ಣಿಗೆ ಕಾಣುತ್ತದೆ. ನಿಜವಾದ ನಷ್ಟ ಕಾಣುವುದಿಲ್ಲ. ಗರ್ಭದಲ್ಲಿರುವ ಶಿಶುವಿನ ಥೈರಾಯ್ಡ್ ಮೊದಲ ಮೂರು ತಿಂಗಳು ಹಾರ್ಮೋನು ತಯಾರಿಸಲಾರದು. ಅಲ್ಲಿಯವರೆಗೆ ಅದು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಮಿದುಳಿನ ನರಕೋಶಗಳು ತಮ್ಮ ತಮ್ಮ ಜಾಗಕ್ಕೆ ಸರಿದು, ಒಂದಕ್ಕೊಂದು ಹೆಣೆದುಕೊಳ್ಳುವುದು ಈ ಹಾರ್ಮೋನಿನ ಆಸರೆಯಲ್ಲಿ. ಆ ಕಾಲ ಒಮ್ಮೆ ದಾಟಿದರೆ ಮತ್ತೆ ಬಾರದು. ತಾಯಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಮಗು ಕುಳ್ಳಾಗಿ, ಕಿವುಡಾಗಿ, ಬುದ್ಧಿ ಬೆಳೆಯದೆ ಉಳಿಯಬಹುದು. ಒಂದು ಕಾಲದಲ್ಲಿ ಆಲ್ಪ್ಸ್ ಮತ್ತು ಹಿಮಾಲಯದ ಹಳ್ಳಿಗಳಲ್ಲಿ ಇಂಥ ಮಕ್ಕಳನ್ನು ವಿಧಿಯ ಶಾಪವೆಂದು ನೋಡಲಾಗುತ್ತಿತ್ತು. ಸ್ವಲ್ಪವೇ ಕಡಿಮೆಯಾದರೆ ಇಷ್ಟು ಘೋರವಾಗಿ ಕಾಣದೆ, ಇಡೀ ಶಾಲೆಯ ಮಕ್ಕಳ ಕಲಿಕೆಯೇ ಒಂದಿಷ್ಟು ಹಿಂದೆ ಬೀಳುತ್ತದೆ. ‘ದಡ್ಡ’ ಎಂದು ಬೆಂಚಿನ ಮೇಲೆ ನಿಲ್ಲಿಸಿಕೊಂಡ ಮಗುವಿನ ತಪ್ಪು ಅದರದಾಗಿರುವುದಿಲ್ಲ.

ಇದು ಮನವರಿಕೆಯಾದ ಮೇಲೆಯೇ 1992ರಲ್ಲಿ ಕಾರ್ಯಕ್ರಮದ ಹೆಸರಿನಿಂದ ‘ಗಳಗಂಡ’ ಹೋಗಿ ‘ಅಯೋಡಿನ್ ಕೊರತೆಯ ದೋಷಗಳು’ ಎಂಬ ವಿಶಾಲವಾದ ಹೆಸರು ಬಂತು. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಡುಗೆಮನೆಗೆ ಬಂದ ಕಾನೂನು

1930ರಲ್ಲಿ ದಂಡಿಯಲ್ಲಿ, ಅದೇ ತಿಂಗಳು ಕರ್ನಾಟಕದ ಅಂಕೋಲೆಯಲ್ಲಿ, ಜನ ಉಪ್ಪಿಗಾಗಿಯೇ ಕಾನೂನು ಮುರಿದಿದ್ದರು. ಅಂಥ ದೇಶದಲ್ಲಿ ಉಪ್ಪಿನ ಮೇಲೆ ಇನ್ನೊಂದು ಕಾನೂನು ತಂದಾಗ ಚರ್ಚೆ ಏಳದಿರುವುದು ಸಾಧ್ಯವಿರಲಿಲ್ಲ. ಅಯೋಡಿನ್ ಇಲ್ಲದ ಉಪ್ಪಿನ ಮಾರಾಟಕ್ಕೆ 1998ರಲ್ಲಿ ದೇಶದಾದ್ಯಂತ ನಿಷೇಧ ಬಂತು, 2000ದಲ್ಲಿ ತೆರವಾಯಿತು, 2006ರಲ್ಲಿ ಮತ್ತೆ ಜಾರಿಯಾಯಿತು. ಸಣ್ಣ ಉಪ್ಪಿನ ಗದ್ದೆಗಳವರ ಜೀವನ ಏನಾಗಬೇಕು, ಲಾಭ ದೊಡ್ಡ ಕಂಪೆನಿಗಳಿಗೇ ಹೋಗುವುದಿಲ್ಲವೇ, ಕೊರತೆಯಿಲ್ಲದವರಿಗೂ ಏಕೆ ತಿನ್ನಿಸಬೇಕು ಎಂಬ ಪ್ರಶ್ನೆಗಳನ್ನು ವಿರೋಧಿಗಳು ಎತ್ತಿದರು. 2011ರಲ್ಲಿ ಸುಪ್ರೀಂ ಕೋರ್ಟ್, ಕಲಬೆರಕೆ ತಡೆಯುವ ಕಾಯಿದೆಯಡಿ ಇಂಥ ನಿಯಮ ಮಾಡಲು ಬರುವುದಿಲ್ಲವೆಂದು ತೀರ್ಪಿತ್ತರೂ, ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಅದನ್ನು ಆರು ತಿಂಗಳು ಮುಂದುವರಿಸಲು ಅವಕಾಶ ಕೊಟ್ಟಿತು. ಅಷ್ಟರಲ್ಲಿ ಹೊಸ ಆಹಾರ ಸುರಕ್ಷತಾ ನಿಬಂಧನೆಗಳಲ್ಲಿ ಅದೇ ನಿರ್ಬಂಧ ಸೇರಿಕೊಂಡಿತು.

ಕಾನೂನಿನ ಲೆಕ್ಕ ಹೀಗಿದೆ: ಉಪ್ಪು ಮನೆಗೆ ತಲುಪುವ ವೇಳೆಗೆ ಹತ್ತು ಲಕ್ಷ ಪಾಲಿಗೆ ಕನಿಷ್ಠ 15 ಪಾಲು ಅಯೋಡಿನ್ ಇರಬೇಕು. ಅಂದರೆ ಹತ್ತು ಗ್ರಾಂ ಉಪ್ಪು ತಿಂದರೂ ಕನಿಷ್ಠ 150 ಮೈಕ್ರೋಗ್ರಾಂ ಸಿಗುತ್ತದೆ. ಹಾಗೆಂದು ಅಯೋಡಿನ್ ಹೆಸರಿನಲ್ಲಿ ಉಪ್ಪು ಹೆಚ್ಚು ತಿನ್ನಬೇಕಾಗಿಲ್ಲ. ರಕ್ತದೊತ್ತಡದ ದೃಷ್ಟಿಯಿಂದ ದಿನಕ್ಕೆ ಐದು ಗ್ರಾಂ ಒಳಗೇ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2018-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಸುಮಾರು ಮೂರು ಮನೆಗಳ ಉಪ್ಪಿನಲ್ಲಿ ಮಾತ್ರ ಸಾಕಷ್ಟು ಅಯೋಡಿನ್ ಕಂಡುಬಂತು. ಹರಳುಪ್ಪನ್ನು ನೀರಿನಲ್ಲಿ ತೊಳೆದು ಬಳಸಿದರೆ ಮೇಲೆ ಸಿಂಪಡಿಸಿದ ಅಯೋಡಿನ್ ನೀರಿನ ಜೊತೆಗೇ ಹೋಗುತ್ತದೆ. ಈಚೆಗೆ ‘ಸಹಜ’ ಎಂಬ ಹೆಸರಿನಲ್ಲಿ ಜನಪ್ರಿಯವಾಗಿರುವ ಸೈಂಧವ ಲವಣ, ಗುಲಾಬಿ ಉಪ್ಪುಗಳಲ್ಲಿ ಬೇರೆಯಾಗಿ ಬೆರೆಸದಿದ್ದರೆ ಅಯೋಡಿನ್ ಸಾಕಷ್ಟು ಇರುವುದಿಲ್ಲ. ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಬಿಸಿಗೆ ದೂರವಾಗಿ ಇಡುವುದು ಒಳ್ಳೆಯದು.

ಅಯೋಡಿನ್ ಮಾತ್ರವಲ್ಲ

ಉಪ್ಪು ಎಲ್ಲ ಥೈರಾಯ್ಡ್ ತೊಂದರೆಗಳಿಗೂ ಮದ್ದಲ್ಲ ಎಂಬುದನ್ನೂ ತಿಳಿದಿರಬೇಕು. ಇಂದು ನಗರಗಳಲ್ಲಿ ‘ಥೈರಾಯ್ಡ್ ಇದೆ’ ಎನ್ನುವವರಲ್ಲಿ ಅನೇಕರಿಗೆ ಅಯೋಡಿನ್ ಕೊರತೆ ಇರುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಗ್ರಂಥಿಯ ಮೇಲೆ ದಾಳಿ ಮಾಡಿರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಆಯಾಸ, ಚಳಿ ತಡೆಯಲಾಗದಿರುವುದು, ಮೈತೂಕ ಏರುವುದು, ಮಲಬದ್ಧತೆ, ಮುಟ್ಟಿನ ಏರುಪೇರು, ಮಂಕು ಕವಿದಂತಾಗುವುದು ಇದರ ಲಕ್ಷಣಗಳು. ‘ಸೋಮಾರಿತನ’, ‘ವಯಸ್ಸಾಯಿತು’ ಎಂದು ಮನೆಯವರು ತಳ್ಳಿಹಾಕುವುದರಿಂದ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದುಂಟು. ಗ್ರಂಥಿ ಅತಿಯಾಗಿ ದುಡಿದರೆ ಇದಕ್ಕೆ ವಿರುದ್ಧ: ಎದೆಬಡಿತ, ಕೈನಡುಕ, ಬೆವರು, ತೂಕ ಇಳಿಯುವುದು.

ಹಾರ್ಮೋನು ಕಡಿಮೆಯಾದವರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಒಂದು ಮಾತ್ರೆಯೇ ಪರಿಹಾರ. ಅದು ಥೈರಾಕ್ಸಿನ್ನೇ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಮಾತ್ರೆ ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ. ‘ವಾಸಿಯಾಯಿತು’ ಎಂದು ತಾವೇ ನಿಲ್ಲಿಸಿದವರು ತಿಂಗಳು ಕಳೆದು ಮತ್ತೆ ಆಸ್ಪತ್ರೆ ಸೇರುವುದು ಇದೇ ಭ್ರಮೆಯಿಂದ. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಇದನ್ನು ಬಿಡಲೇಬಾರದು.

ಹುಟ್ಟುವಾಗಲೇ ಥೈರಾಯ್ಡ್ ಇಲ್ಲದ, ಅಥವಾ ಕೆಲಸ ಮಾಡದ ಮಕ್ಕಳೂ ಇರುತ್ತಾರೆ. ಅಂಥ ಮಗು ನೋಡಲು ಎಲ್ಲ ಮಕ್ಕಳಂತೆಯೇ ಇರುತ್ತದೆ; ಹೆಚ್ಚು ಅಳದೆ ನಿದ್ದೆ ಮಾಡುವುದರಿಂದ ‘ಪಾಪ, ತುಂಬಾ ಸಾಧು’ ಎನ್ನಿಸಿಕೊಳ್ಳಲೂಬಹುದು. ಹುಟ್ಟಿದ ಕೆಲವು ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದ ಪರೀಕ್ಷೆ ಇದನ್ನು ಹೇಳಿಬಿಡುತ್ತದೆ. ಎರಡು ವಾರದೊಳಗೆ ಮಾತ್ರೆ ಆರಂಭಿಸಿದರೆ ಬಹುತೇಕ ಮಕ್ಕಳು ಉಳಿದವರಂತೆಯೇ ಬೆಳೆದು ಓದುತ್ತಾರೆ. ತಡವಾದರೆ ಮಿದುಳಿಗಾದ ನಷ್ಟ ತುಂಬಿಬರುವುದಿಲ್ಲ. ಹಲವು ದೇಶಗಳಲ್ಲಿ ಪ್ರತಿ ಶಿಶುವಿಗೂ ನಡೆಯುವ ಈ ಪರೀಕ್ಷೆ ನಮ್ಮಲ್ಲಿ ಇನ್ನೂ ಎಲ್ಲ ಮಕ್ಕಳಿಗೂ ತಲುಪಿಲ್ಲ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲು ಇದರ ಬಗ್ಗೆ ವಿಚಾರಿಸುವುದು ತಂದೆತಾಯಿ ಮಗುವಿಗೆ ಮಾಡಬಹುದಾದ ದೊಡ್ಡ ಉಪಕಾರ.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತದೆ ಗಾದೆ. ಉಪ್ಪಿನೊಳಗೆ ಅಯೋಡಿನ್ ಇಟ್ಟವರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಅವರ ಕೆಲಸದ ಫಲ ಮಾತ್ರ ದಿನವೂ ಎಲ್ಲರ ತಟ್ಟೆಯಲ್ಲಿದೆ.